ವಖಾರಿಯ ಕಂಪ್ಯೂಟರಿನಲ್ಲಿ ಹತ್ತು ವರ್ಷ ದಾಟಿದ ಥಂಡರ್‌ಬರ್ಡ್ ಮತ್ತು ಫೈರ್‌ಫಾಕ್ಸ್

ಶಿರಸಿಯ ಒಂದು ಅಡಿಕೆ ವಖಾರಿಯಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ. 2014ರಿಂದ ಅಲ್ಲಿನ ಮೇಲ್ ಎಲ್ಲ ಥಂಡರ್‌ಬರ್ಡ್‌ನಲ್ಲಿ, ತೆರಿಗೆ, ಬ್ಯಾಂಕು ಎಲ್ಲ ಫೈರ್‌ಫಾಕ್ಸ್‌ನಲ್ಲಿ. ಒಂದು ಮೇಲ್ ಪ್ರೋಗ್ರಾಮ್, ಇನ್ನೊಂದು ಬ್ರೌಸರ್. ಎರಡೂ ಮೊಜಿಲ್ಲಾ ಬಳಗದವು, ದುಡ್ಡು ಕೊಡಬೇಕಿಲ್ಲ. ಆದರೆ ಹಾಕಿಕೊಂಡಿದ್ದು ಅದಕ್ಕಲ್ಲ. ಮಳೆಗಾಲದಲ್ಲಿ ದೇವಿಮನೆ ಘಟ್ಟದಲ್ಲಿ ಒಂದು ಮರ ಬಿದ್ದರೆ ನಮ್ಮಲ್ಲಿ ನೆಟ್ ಎರಡು ದಿನ ಇಲ್ಲ. ಥಂಡರ್‌ಬರ್ಡ್‌ನಲ್ಲಾದರೆ ಹಳೆಯ ಮೇಲ್ ನಮ್ಮ ಕಂಪ್ಯೂಟರಿನಲ್ಲೇ ಇರುತ್ತದೆ. ಯಾರಿಗೆ ಎಷ್ಟು ಕ್ವಿಂಟಲ್ ಚಾಲಿ ಅಡಿಕೆ ಹೋಗಿದೆ ಅಂತ ನೆಟ್ ಇಲ್ಲದಾಗಲೂ ತೆಗೆದು ನೋಡಬಹುದು.

ಆಗ ಸುರಕ್ಷತೆ ಗಿರಕ್ಷತೆ ಅಂತ ನಾನು ತಲೆ ಕೆಡಿಸಿಕೊಂಡಿರಲಿಲ್ಲ. ಕೆಡಿಸಿಕೊಳ್ಳುವ ಹಾಗೆ ಮಾಡಿದ್ದು ಒಂದು ಮೇಲ್. ನಮಗೆ ಗೋಣಿಚೀಲ ಕಳಿಸುವವರ ಹೆಸರಿನಲ್ಲಿ ಬಂದಿತ್ತು, ‘ಬಾಕಿ ಬಿಲ್’ ಅಂತ. ತೆರೆದರೆ ಖಾಲಿ ಚೌಕ. ಮೇಲೊಂದು ಪಟ್ಟಿ: ಹೊರಗಿನ ಚಿತ್ರಗಳನ್ನು ತಡೆಹಿಡಿದಿದ್ದೇವೆ ಎಂದು. ಯಜಮಾನರು ಹಿಂದಿನಿಂದ ಬಗ್ಗಿ ನೋಡಿ, “ಚಿತ್ರ ಬಂಜಿಲ್ಲೆ ತಮಾ, ಅದ್ನ ಒತ್ತು” ಅಂದರು. ಒತ್ತುವ ಮೊದಲು ಕಳಿಸಿದವರ ವಿಳಾಸದ ಮೇಲೆ ಕಣ್ಣು ಹೋಯಿತು. ಹೆಸರು ಅವರದೇ, ವಿಳಾಸ ಮಾತ್ರ ಎಲ್ಲಿಯದೋ. ಫೋನ್ ಮಾಡಿ ಕೇಳಿದರೆ ಅವರು ಏನೂ ಕಳಿಸಿಯೇ ಇರಲಿಲ್ಲ.

ಆ ಚಿತ್ರ ಕಳ್ಳನ ಸರ್ವರಿನಿಂದಲೇ ಬರಬೇಕು. ತರಿಸಿಕೊಂಡ ಕೂಡಲೇ ಅವನಿಗೆ ಗೊತ್ತಾಗುತ್ತದೆ: ಈ ವಿಳಾಸದಲ್ಲಿ ಮೇಲ್ ಓದುವವರಿದ್ದಾರೆ, ಇಷ್ಟು ಹೊತ್ತಿಗೆ ಓದಿದರು. 2018ರ ಮೇ ತಿಂಗಳಲ್ಲಿ ‘ಇಫೇಲ್’ ಅಂತ ಮೇಲ್ ಪ್ರೋಗ್ರಾಮ್‌ಗಳ ಒಂದು ದೋಷ ದೊಡ್ಡ ಸುದ್ದಿಯಾಯಿತು, ಅದರ ಒಂದು ದಾರಿಯೂ ಇದೇ. ಗೂಢಲಿಪಿಯಲ್ಲಿ ಬಂದ ಮೇಲನ್ನು ಪ್ರೋಗ್ರಾಮ್ ತಾನೇ ಬಿಡಿಸಿ, ಒಳಗಿನ ಮಾತನ್ನು ಚಿತ್ರದ ವಿಳಾಸಕ್ಕೆ ಅಂಟಿಸಿ ಹೊರಗೆ ಕಳಿಸಿಬಿಡುತ್ತಿತ್ತು. ಥಂಡರ್‌ಬರ್ಡ್ ಕೂಡ ಆ ಪಟ್ಟಿಯಲ್ಲಿತ್ತು, ಆಪಲ್ ಮೇಲ್ ಕೂಡ.

ಥಂಡರ್‌ಬರ್ಡ್‌ನಲ್ಲಿ ನನಗೆ ಹಿಡಿಸಿದ್ದು ಅದರ ಜಿಪುಣತನ. ಚಿತ್ರ ತಾನಾಗಿ ತರಿಸುವುದಿಲ್ಲ. ಮೇಲ್ ಓದುವಾಗ ಅದರೊಳಗೆ ಸ್ಕ್ರಿಪ್ಟ್ ಅಂದರೆ ಸಣ್ಣ ಪ್ರೋಗ್ರಾಮ್ ಇದ್ದರೆ ಓಡಿಸುವುದಿಲ್ಲ. ಒಳಗಿನ ಎಂಜಿನ್ ಫೈರ್‌ಫಾಕ್ಸ್‌ನದೇ ಆದ್ದರಿಂದ ಅಲ್ಲಿ ಬಿದ್ದ ತೂತು, ಅಂದರೆ ಕಳ್ಳರು ನುಗ್ಗಬಹುದಾದ ದೋಷ, ಹೆಚ್ಚಾಗಿ ಇಲ್ಲಿಯೂ ಇರುತ್ತದೆ. ಆದರೆ ಸ್ಕ್ರಿಪ್ಟ್ ಇಲ್ಲದ ಕಾರಣ ಅವುಗಳಲ್ಲಿ ಬಹಳಷ್ಟನ್ನು ಬರೀ ಮೇಲ್ ಕಳಿಸಿ ಉಪಯೋಗಿಸಲಿಕ್ಕೆ ಆಗುವುದಿಲ್ಲ.

ಹಾಗಂತ ನಿಶ್ಚಿಂತೆಯಿಂದ ಇರುವಂತಿಲ್ಲ. 2023ರ ಸೆಪ್ಟೆಂಬರಿನಲ್ಲಿ ಸಿಕ್ಕ ತೂತಿಗೆ ಸ್ಕ್ರಿಪ್ಟೇ ಬೇಡ, ವೆಬ್‌ಪಿ ಅನ್ನುವ ಬಗೆಯ ಒಂದು ಚಿತ್ರ ಸಾಕಿತ್ತು. ಆ ಚಿತ್ರ ಬಿಡಿಸುವ ಕೋಡನ್ನು ಕ್ರೋಮ್, ಫೈರ್‌ಫಾಕ್ಸ್, ಥಂಡರ್‌ಬರ್ಡ್ ಎಲ್ಲವೂ ಒಂದೇ ಕಡೆಯಿಂದ ತಂದಿದ್ದವು. ಪೇಟೆಯ ವಖಾರಿಗಳೆಲ್ಲ ಒಬ್ಬನ ಹತ್ತಿರವೇ ಚೀಲ ತಂದ ಹಾಗೆ. ಹೊಲಿಗೆ ಬಿಟ್ಟರೆ ಎಲ್ಲರ ಕಾಳುಮೆಣಸೂ ನೆಲಕ್ಕೆ. ಬೇರೆ ಮೇಲ್ ಪ್ರೋಗ್ರಾಮ್ ಹಾಕಿಕೊಳ್ಳೋಣ ಅನ್ನುವವರಿಗೆ ಒಂದು ಮಾತು: ಅದೇ ವರ್ಷ ಮಾರ್ಚಿನಲ್ಲಿ ಮೈಕ್ರೋಸಾಫ್ಟ್‌ನ ಔಟ್‌ಲುಕ್‌ನಲ್ಲಿ ಮುಚ್ಚಿದ ತೂತಿಗೆ ಮೇಲ್ ತೆರೆಯುವುದೂ ಬೇಕಿರಲಿಲ್ಲ. ರಿಮೈಂಡರ್ ಗಂಟೆಯ ಸದ್ದಿನ ಫೈಲ್ ಹುಡುಕಿಕೊಂಡು ಅದು ಕಳ್ಳನ ಸರ್ವರಿಗೇ ಹೋಗಿ, ವಿಂಡೋಸ್ ಲಾಗಿನ್‌ನ ಹ್ಯಾಶ್ (ಪಾಸ್‌ವರ್ಡಿನ ಗುಪ್ತರೂಪ) ಕೊಟ್ಟು ಬರುತ್ತಿತ್ತು!

ಹಾಗಾಗಿ ಈಗ ನಾನು ನೋಡುವುದು ತೂತು ಮುಚ್ಚಲು ಎಷ್ಟು ಹೊತ್ತು ತೆಗೆದುಕೊಳ್ಳುತ್ತಾರೆ ಅಂತ. 2024ರ ಅಕ್ಟೋಬರಿನಲ್ಲಿ ಫೈರ್‌ಫಾಕ್ಸ್‌ನ ಅನಿಮೇಷನ್ ಭಾಗದಲ್ಲಿ ಒಂದು ಸಿಕ್ಕಿತು. ಪೇಜ್ ತೆರೆದರೆ ಸಾಕು, ಏನನ್ನೂ ಒತ್ತಬೇಕಿಲ್ಲ, ಕಳ್ಳರು ಆಗಲೇ ಉಪಯೋಗಿಸುತ್ತಿದ್ದರು. ಮೊಜಿಲ್ಲಾಕ್ಕೆ ವಿಷಯ ತಿಳಿದ ಸುಮಾರು 25 ಗಂಟೆಯೊಳಗೆ ತೂತು ಮುಚ್ಚಿದ 131.0.2 ಆವೃತ್ತಿ ಬಂತು. ಅವರು ಒಂದು ದಿನದಲ್ಲಿ ಮುಗಿಸಿದ ಕೆಲಸಕ್ಕೆ ನಾನು ಮೂರು ದಿನ ‘ಆಮೇಲೆ’ ಅಂತ ಒತ್ತುತ್ತಾ ಕೂತಿದ್ದೆ. ವ್ಯಾಪಾರದ ಹೊತ್ತು, ಹದಿನೈದು ಟ್ಯಾಬ್ ತೆರೆದಿದ್ದವು. ರೀಸ್ಟಾರ್ಟ್ ಮಾಡದೆ ಅಪ್‌ಡೇಟ್ ಸುಮ್ನೆ ಡಿಸ್ಕಿನಲ್ಲಿ ಕೂತಿರುತ್ತದೆ, ಅಷ್ಟೇ. ಈಗ ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಮೊದಲು ಹೆಲ್ಪ್ ಮೆನುವಿನ ‘ಅಬೌಟ್’ ಒತ್ತಿ ನೋಡುತ್ತೇನೆ. “ದಿನಾ ಎಂತ ಅಪ್‌ಡೇಟ್ ಮಾರಾಯ” ಅಂತ ಯಜಮಾನರ ಗೊಣಗಾಟ ಇದ್ದದ್ದೇ.

ಒಂದು ತಕರಾರು. ಥಂಡರ್‌ಬರ್ಡ್‌ನಲ್ಲಿ ಪಾಸ್‌ವರ್ಡ್ ಉಳಿಸಿದರೆ ಅದಕ್ಕೆ ಕಾವಲಾಗಿ ಪ್ರೈಮರಿ ಪಾಸ್‌ವರ್ಡ್ ಅಂತ ಒಂದಿದೆ. ಅದು ತಾನಾಗಿ ಇರುವುದಿಲ್ಲ, ಸೆಟಿಂಗ್ಸ್‌ಗೆ ಹೋಗಿ ನಾವೇ ಹಾಕಬೇಕು. ಹಾಕದಿದ್ದರೆ ಯಾರಾದರೂ ಮೇಲ್, ಪಾಸ್‌ವರ್ಡ್ ಎಲ್ಲ ಇರುವ ಪ್ರೊಫೈಲ್ ಫೋಲ್ಡರನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಹೋದರೂ ಸಾಕು, ಪಾಸ್‌ವರ್ಡ್ ಅವರ ಕೈಯಲ್ಲಿ. ನಾಲ್ಕು ಜನ ಕೂರುವ ಒಂದೇ ಕಂಪ್ಯೂಟರಿಗೆ ಇದು ಸಣ್ಣ ವಿಷಯ ಅಲ್ಲ. ಹಾಕುತ್ತೀರಾ ಅಂತ ಪ್ರೋಗ್ರಾಮೇ ಮೊದಲ ದಿನ ಕೇಳಬೇಕಿತ್ತು. ಐದರಲ್ಲಿ ನಾನು ಕಳೆದ ಒಂದು ಸ್ಟಾರ್ ಇದಕ್ಕೆ.

ತೂಕದ ಯಂತ್ರದ ಪಕ್ಕದಲ್ಲಿ ಇನ್ನೊಂದು ಹಳೇ ಕಂಪ್ಯೂಟರ್ ಇದೆ, ವಿಂಡೋಸ್ 7. ಅದಕ್ಕೆ ಸಿಗುವ ಕೊನೆಯ ಫೈರ್‌ಫಾಕ್ಸ್ 115ರ ಇಎಸ್‌ಆರ್, ಅಂದರೆ ಹೆಚ್ಚು ಕಾಲ ಅಪ್‌ಡೇಟ್ ಕೊಡುವ ಆವೃತ್ತಿ. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ 2020ರ ಜನವರಿಯಲ್ಲೇ ಕೈ ತೊಳೆದುಕೊಂಡಿದೆ, ಮೇಲೆ ಎಂಥ ಬ್ರೌಸರ್ ಹಾಕಿದರೂ ಬುಡ ಹಳೆಯದೇ. ಬಿಲ್ ಹಾಕುವ ಸಾಫ್ಟ್‌ವೇರ್ ಅದರಲ್ಲಿ ಮಾತ್ರ ಓಡುವುದರಿಂದ ಎಸೆಯುವ ಹಾಗೂ ಇಲ್ಲ. ನೆಟ್ ಕೇಬಲ್ ಕಿತ್ತು ಸುರುಳಿ ಸುತ್ತಿ ಗೋಡೆಯ ಮೊಳೆಗೆ ಹಾಕಿದ್ದೇನೆ, ಚೀಲ ಹೊಲಿಯುವ ದಬ್ಬಳದ ಪಕ್ಕ.