ಆರ್‌ಎಕ್ಸ್ 100ಗೆ ಹಿಂದಿನ ಟೈರ್: 3.00-18 ಸಾಕೋ, 100/90-18 ಬೇಕೋ?

ಯಮಹಾ ಆರ್‌ಎಕ್ಸ್ 100ಗೆ ಕಂಪನಿ ಕೊಟ್ಟ ಹಿಂದಿನ ಟೈರ್ 2.75-18, ಅಂದರೆ ಟೈರ್ ಅಗಲ 2.75 ಇಂಚು, ರಿಮ್ ವ್ಯಾಸ 18 ಇಂಚು. ತಿರುವಿನಲ್ಲಿ ಇನ್ನಷ್ಟು ಗ್ರಿಪ್ ಬೇಕು ಅನ್ನುವವರು ಸಾಮಾನ್ಯವಾಗಿ 3.00-18, 100/90-18 ಈ ಎರಡರಲ್ಲಿ ಒಂದನ್ನು ನೋಡುತ್ತಾರೆ.

3.00-18 ಹಳೆ ರಿಮ್‌ಗೇ ಕೂರುತ್ತದೆ. ಅಗಲ ಸುಮಾರು 6 ಮಿ.ಮೀ. ಜಾಸ್ತಿ, ಅಂದರೆ ಒಂದು ಬದಿಗೆ 3 ಮಾತ್ರ. ಚೈನ್ ಕವರ್ ಬಿಚ್ಚುವ ಗೋಜು ಸಾಮಾನ್ಯವಾಗಿ ಇರುವುದಿಲ್ಲ.

100/90-18 (ಅಗಲ 100 ಮಿ.ಮೀ., ಎತ್ತರ ಅದರ ಶೇ. 90) ನೋಡಲು ಚೆಂದ, ನಿಜ. ಆದರೆ ಅದು ಅಗಲವಾದ ರಿಮ್‌ಗೆ ಮಾಡಿದ ಟೈರ್. ಕಿರಿದಾದ ಹಳೆ ರಿಮ್‌ಗೆ ಹಾಕಿದರೆ ಎರಡೂ ಬದಿ ಒಳಗೆಳೆದು ನಡು ಉಬ್ಬುತ್ತದೆ. ಗ್ರಿಪ್‌ಗೆ ಅಂತ ಹಾಕಿ ಅದನ್ನೇ ಕಳೆದುಕೊಂಡ ಹಾಗೆ, ಅಲ್ವಾ? ವ್ಯಾಸವೂ ಕಂಪನಿ ಟೈರ್‌ಗಿಂತ ಸುಮಾರು 4 ಸೆಂ.ಮೀ. ಜಾಸ್ತಿ. ಮಡ್‌ಗಾರ್ಡ್‌ಗೆ ಹತ್ತಿರ ಬರುತ್ತದೆ, ಪಿಕಪ್ ಕೂಡ ಸ್ವಲ್ಪ ಕುಗ್ಗುತ್ತದೆ.

ಯಾವುದನ್ನೇ ಹಾಕಿಸಿ, ಅಂಗಡಿಯಿಂದ ಹೊರಡುವ ಮೊದಲು ಇಬ್ಬರು ಕೂತು ಶಾಕ್ ಅಬ್ಸಾರ್ಬರ್ ಪೂರ್ತಿ ಒತ್ತಿ, ಇನ್ನೊಬ್ಬರು ಬಗ್ಗಿ ನೋಡಲಿ. ಚೈನ್, ಸ್ವಿಂಗ್‌ಆರ್ಮ್ (ಹಿಂದಿನ ಚಕ್ರ ಹಿಡಿದಿರುವ ತೋಳು), ಮಡ್‌ಗಾರ್ಡ್ ಒಳಗಿನ ಬೋಲ್ಟ್ ತಲೆ, ಎಲ್ಲ ಕಡೆ ಪೆನ್ಸಿಲ್ ತೂರುವಷ್ಟು ಜಾಗ ಇರಲೇಬೇಕು.

ರಿಮ್ ಬದಲಿಸುವುದಿಲ್ಲ ಅಂದರೆ ನನ್ನ ಮತ 3.00-18ಕ್ಕೇ. ಸಾಫ್ಟ್ ಕಾಂಪೌಂಡ್‌ದು (ಮೆದು ರಬ್ಬರಿನದು) ಸಿಕ್ಕರೆ ಅದನ್ನೇ ಹಾಕಿಸಿ. ಮುಂದಿನ ಟೈರ್ ಸವೆದಿದ್ದರೆ ಅದನ್ನೂ ಜೊತೆಗೇ ಬದಲಿಸಿ.