ಚಾರ್ಜ್ ಹಾಕೋಕೆ ರಾಮನಗರವಾ, ಮದ್ದೂರಾ?

ಬೆಂಗಳೂರು–ಮೈಸೂರು ದಾರಿಯಲ್ಲಿ ಎರಡೂ ಊರಿನ ಹೋಟೆಲ್ ಪಕ್ಕದ ಫಾಸ್ಟ್ ಚಾರ್ಜರ್ ಬಳಸಿದ್ದೇನೆ. ನಮ್ಮದು ಎಲೆಕ್ಟ್ರಿಕ್ ಕಾರು, ಸಿಸಿಎಸ್2 ಅನ್ನುವ ಫಾಸ್ಟ್ ಚಾರ್ಜಿಂಗ್ ಪ್ಲಗ್ಗಿನ ಗನ್ ಹಿಡಿಯುತ್ತದೆ. ನನ್ನ ಓಟು ರಾಮನಗರಕ್ಕೆ. ಕಾರಣ ಕರೆಂಟ್ ಅಲ್ಲ.

ರಾಮನಗರ, ಚನ್ನಪಟ್ಟಣ ಬೆಸ್ಕಾಂಗೆ ಸೇರಿವೆ, ಮದ್ದೂರಿಗೆ ಬಂದರೆ ಮೈಸೂರು ಕಡೆಯ ವಿದ್ಯುತ್ ಕಂಪನಿ ಸೆಸ್ಕ್. ಕಂಪನಿ ಬೇರೆ ಅಂದಮೇಲೆ ರೇಟೂ ಬೇರೆ ಅಂದುಕೊಳ್ಳುವವರು ತುಂಬಾ ಜನ. ಹಾಗೇನಿಲ್ಲ, ಸ್ಟೇಷನ್‌ಗೆ ಕೊಡುವ ಕರೆಂಟಿನ ದರ ಗೊತ್ತು ಮಾಡುವುದು ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ ಕೆಇಆರ್‌ಸಿ, ಆ ದರ ಎರಡೂ ಕಡೆ ಒಂದೇ. ನಾವು ಯೂನಿಟ್‌ಗೆ ಕೊಡುವ 20 ರೂಪಾಯಿ ಚಿಲ್ಲರೆ ಇದೆಯಲ್ಲ, ಅದು ಸ್ಟೇಷನ್ ಇಟ್ಟವರು ಮೆಷಿನ್ನು, ಜಾಗ, ಲಾಭ ಎಲ್ಲ ಸೇರಿಸಿ ಹಾಕಿದ ರೇಟು. ಮೇಲೆ 18% ಜಿಎಸ್‌ಟಿ, ಬಿಲ್ಲಿನಲ್ಲಿ 9, 9 ಅಂತ ಎರಡು ಸಾಲು. ಸ್ಟೇಷನ್ ಇಡಲು ಲೈಸೆನ್ಸ್ ಬೇಡ ಅಂತ ಕೇಂದ್ರ 2018ರಲ್ಲೇ ಹೇಳಿದೆ. ಒಳ್ಳೆಯದೇ, ಆದರೆ ಗೇಟಿನೊಳಗೆ ಓನರ್ ಹೇಳಿದ್ದೇ ಕಾನೂನು.

ಮದ್ದೂರಲ್ಲಿ ನಾವು ನಿಲ್ಲಿಸಿದ ಕಡೆ ‘ನಮ್ಮ ಗಿರಾಕಿಗಳಿಗೆ ಮಾತ್ರ’ ಅಂತ ಬೋರ್ಡು. ಸರಿ, ವಡೆ ಹೇಗೂ ತಿನ್ನುತ್ತೇವೆ ಬಿಡಿ. ಆದರೆ ಚಾರ್ಜರ್ ಮುಂದೆಯೇ ಒಂದು ಡೀಸೆಲ್ ಕಾರು. ಸೆಕ್ಯುರಿಟಿಯವರನ್ನು ಕೇಳಿದರೆ, “ಊಟುಕ್ ಹೋಗವ್ರೆ ಸಾ, ಬತ್ತಾರೆ.” ಬಂದರು, ಅರ್ಧ ಗಂಟೆ ಬಿಟ್ಟು. ಆಮೇಲೆ ಆ್ಯಪ್‌ನಲ್ಲಿ ಕನಿಷ್ಠ 500 ರೂಪಾಯಿ ವ್ಯಾಲೆಟ್‌ಗೆ ತುಂಬಬೇಕಂತೆ. ಖರ್ಚಾಗಿದ್ದು ಮುನ್ನೂರು ಚಿಲ್ಲರೆ, ಮಿಕ್ಕಿದ್ದು ಅಲ್ಲೇ ಕೊಳೆಯುತ್ತಿದೆ.

ರಾಮನಗರದ್ದೂ ಅಂಥದ್ದೇ ಹೋಟೆಲ್, ಅಂಥದ್ದೇ ಮೆಷಿನ್. ಆದರೆ ಅಲ್ಲಿ ಚಾರ್ಜರ್ ಮುಂದೆ ಕೆಂಪು ಕೋನ್ ಇಟ್ಟಿರುತ್ತಾರೆ. ಕಾವಲಿಗಿರುವ ಅಜ್ಜ ಬಗ್ಗಿ ನಂಬರ್ ಪ್ಲೇಟ್ ಹಸಿರಾ, ಅಂದರೆ ಎಲೆಕ್ಟ್ರಿಕ್ ಗಾಡಿಯಾ ಅಂತ ನೋಡಿಯೇ ಕೋನ್ ಎತ್ತುವುದು. ಬಿಳಿ ಪ್ಲೇಟಿನವರು ಎಷ್ಟೇ ಹಾರ್ನ್ ಹೊಡೆದರೂ ಕೈಯಲ್ಲೇ ಮುಂದೆ ಹೋಗಿ ಅಂತ ತೋರಿಸುತ್ತಾರೆ. ಚಾರ್ಜ್ ಮುಗಿದ ಮೇಲೂ ಗಾಡಿ ತೆಗೆಯದಿದ್ದರೆ ನಿಮಿಷದ ಲೆಕ್ಕದಲ್ಲಿ ದುಡ್ಡು ಬೀಳುತ್ತದೆ. ಕೆಲವರು ಇದಕ್ಕೆ ಗೊಣಗುತ್ತಾರೆ, ನನಗಂತೂ ಸರಿ ಅನ್ನಿಸಿತು. 80% ದಾಟಿದ ಮೇಲೆ ಫಾಸ್ಟ್ ಚಾರ್ಜಿಂಗ್ ಹೇಗೂ ನಿಧಾನ, ನೂರು ಆಗಲಿ ಅಂತ ಸುಮ್ನೆ ಕಾಫಿ ಕುಡೀತಾ ಕೂತರೆ ಹಿಂದೆ ನಿಂತವರ ಗತಿ ಏನು, ಅಲ್ವಾ? ರೇಟು ಮದ್ದೂರಿಗಿಂತ ಸ್ವಲ್ಪ ಜಾಸ್ತಿಯೇ. ಕೊಡಬಹುದು.

ಸ್ಕೂಟರ್‌ನವರದ್ದು ಬೇರೆ ಲೆಕ್ಕ. 2023ರ ಆಗಸ್ಟ್‌ನಿಂದ ಎಕ್ಸ್‌ಪ್ರೆಸ್‌ವೇ ಮೇನ್ ರೋಡಿಗೆ ಟೂವೀಲರ್ ಬಿಡುವುದಿಲ್ಲ, ಸರ್ವೀಸ್ ರೋಡಲ್ಲೇ ಹೋಗಬೇಕು, ಊರು ದಾರಿಯಲ್ಲೇ ಸಿಗುತ್ತದೆ. ಕಾರಿನವರಿಗೆ ಬೈಪಾಸ್ ಇರುವುದರಿಂದ ಊರೊಳಗೆ ಬೇಕಂತಲೇ ಇಳಿಯಬೇಕು. ಮ್ಯಾಪಲ್ಲಿ ಹತ್ತಿರ ಕಂಡಿತು ಅಂತ ಹೊರಡಬೇಡಿ, ಚಾರ್ಜರ್ ರಸ್ತೆಯ ಯಾವ ಪಕ್ಕ ಇದೆ ಅಂತ ಮೊದಲೇ ನೋಡಿಕೊಳ್ಳಿ. ಮಧ್ಯೆ ಬೇಕಾದಲ್ಲಿ ಯೂಟರ್ನ್ ಹೊಡೆಯಲು ಆಗುವುದಿಲ್ಲ, ಎಕ್ಸಿಟ್ ತಪ್ಪಿತು ಅಂದರೆ ಮುಂದಿನದರವರೆಗೂ ಹೋಗಿ ಸುತ್ತಿ ಬರಬೇಕು, ಬ್ಯಾಟರಿ 10% ಇರುವಾಗ ಅದು ಬೇಡವೇ ಬೇಡ.