ಕ್ಲೀವ್‌ಲ್ಯಾಂಡ್ ಸಿಬಿಎಕ್ಸ್2 ವೆಜ್, 56 ಡಿಗ್ರಿ: ನೆಲ ಅಗೆಯುವವರಿಗೆ

ಗಾಲ್ಫ್‌ನಲ್ಲಿ ಗ್ರೀನ್ (ಗುಳಿಯಿರುವ ನುಣುಪು ಹುಲ್ಲಿನ ಜಾಗ) ಪಕ್ಕದವರೆಗೆ ಚೆನ್ನಾಗಿ ಬಂದು, ಅಲ್ಲಿ ಚೆಂಡಿನ ಹಿಂದಿನ ನೆಲಕ್ಕೆ ಹೊಡೆದು, ಹುಲ್ಲಿನ ಹೆಂಟೆಯನ್ನು ಚೆಂಡಿಗಿಂತ ದೂರ ಕಳಿಸುವವರು ನಮ್ಮ ಭಾನುವಾರದ ಗುಂಪಿನಲ್ಲಿ ಎಲ್ಲರೂ. ವೆಜ್ ಅಂದರೆ ಮುಖ ಹೆಚ್ಚು ಓರೆಯಾಗಿದ್ದು ಚೆಂಡನ್ನು ಮೇಲೆತ್ತುವ ಕ್ಲಬ್ (ಗಾಲ್ಫ್ ಕೋಲು); 56 ಡಿಗ್ರಿ ಆ ಓರೆಯ ಕೋನ. ಈ ವೆಜ್ ನಮ್ಮಂಥವರಿಗೆ. ನಾನು ಆಡುವುದು ಮೈಸೂರಿನಲ್ಲಿ, ಚಾಮುಂಡಿ ಬೆಟ್ಟದ ಕೆಳಗೆ. ಹ್ಯಾಂಡಿಕ್ಯಾಪ್ 18ರ ಆಸುಪಾಸು, ಅಂದರೆ ಸಾಧಾರಣ ಆಟ. ಪ್ರಾಕ್ಟೀಸ್ ಅಂದರೆ ಆಟಕ್ಕೆ ಮುಂಚೆ ಸುಮ್ನೆ ನಾಲ್ಕು ಪಟ್ (ಗ್ರೀನ್ ಮೇಲೆ ಚೆಂಡು ಉರುಳಿಸುವ ಹೊಡೆತ), ಅಷ್ಟೇ.

ಪರಿಚಯದವರೊಬ್ಬರ ಹತ್ತಿರ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡೆ. ಇದು 2019ರ ಮಾಡೆಲ್. ಆಮೇಲೆ ಹೊಸವು ಬಂದಿರುವುದರಿಂದ ಹಳೆಯದು ಅಗ್ಗಕ್ಕೆ ಸಿಗುತ್ತದೆ. ಹಳೆ ವೆಜ್ ಕೊಳ್ಳುವಾಗ ಹೊಳಪು ನೋಡಬೇಡಿ, ಮುಖದ ಮೇಲಿನ ಗ್ರೂವ್ (ಗೀರು) ನೋಡಿ. ಉಗುರು ಅಡ್ಡ ಎಳೆದರೆ ಸಿಕ್ಕಿಕೊಳ್ಳಬೇಕು. ಜಾರಿಹೋದರೆ ವಾಪಸ್ ಕೊಟ್ಟುಬಿಡಿ.

ಪ್ರೊಗಳ (ವೃತ್ತಿಪರರ) ವೆಜ್‌ಗಳು ಸಾಮಾನ್ಯವಾಗಿ ಬ್ಲೇಡ್, ಅಂದರೆ ಹಿಂಬದಿ ತಗ್ಗಿಲ್ಲದ ತೆಳು ತಲೆಯವು. ಇದು ಕ್ಯಾವಿಟಿ ಬ್ಯಾಕ್ (ಹಿಂಬದಿ ತಗ್ಗು), ತೂಕವನ್ನು ಅಂಚುಗಳ ಕಡೆಗೆ ಹಂಚಿದ್ದಾರೆ. ನಮ್ಮ ಐರನ್‌ಗಳೂ (ವೆಜ್‌ಗಿಂತ ದೂರ ಹೊಡೆಯುವ, ನಂಬರ್ ಇರುವ ಕ್ಲಬ್‌ಗಳು) ಹೀಗೇ ಅಲ್ವಾ? 9 ಐರನ್‌ವರೆಗೆ ತಪ್ಪು ಸಹಿಸುವ ಕ್ಲಬ್ ಹಿಡಿದು, ಕೈ ನಡುಗುವ ಜಾಗಕ್ಕೆ ಬಂದಾಗ ಮಾತ್ರ ಬ್ಲೇಡ್ ಯಾಕೆ? ಇದರಲ್ಲಿ ಚೆಂಡು ಸ್ವಲ್ಪ ಟೋ (ಕ್ಲಬ್ ತಲೆಯ ತುದಿ) ಕಡೆ ತಗುಲಿದರೂ ಅರ್ಧದಲ್ಲೇ ಸತ್ತು ಬೀಳುವುದಿಲ್ಲ.

ಆದರೆ ನಿಜವಾದ ಗುಣ ಇರುವುದು ಸೋಲ್‌ನಲ್ಲಿ, ಅಂದರೆ ತಳದಲ್ಲಿ. ಅಗಲ ಜಾಸ್ತಿ, ಬೌನ್ಸ್ (ತಳದ ಉಬ್ಬಿನ ಕೋನ) 12 ಡಿಗ್ರಿ. ಕ್ಲಬ್ಬನ್ನು ನೇರವಾಗಿ ನೆಲಕ್ಕಿಟ್ಟರೆ ಮುಂದಿನ ಅಂಚು ಕೊಂಚ ಮೇಲೆ ನಿಲ್ಲುತ್ತದೆ. ಹಾಗಾಗಿ ಚೆಂಡಿನ ಹಿಂದೆ ಬಿದ್ದರೂ ಸಲಿಕೆಯ ಹಾಗೆ ಮಣ್ಣಿಗೆ ಇಳಿಯದೆ ಜಾರಿಕೊಂಡು ಮುಂದೆ ಹೋಗುತ್ತದೆ. ಪರ್ಫೆಕ್ಟ್ ಶಾಟ್ ಆಗದಿರಬಹುದು, ಆದರೆ ಚೆಂಡು ಗ್ರೀನ್ ಮೇಲಿರುತ್ತದೆ. ಇದು ಅಮೆರಿಕದ ಗಾಲ್ಫರ್ ಜೀನ್ ಸಾರಾಜೆನ್ ಅವರ ಕಾಲದ ಉಪಾಯ. ಅವರು ನಿಬ್ಲಿಕ್ ಎಂಬ ಹಳೆಯ ಕಾಲದ ಐರನ್‌ನ ತಳಕ್ಕೆ ಬೆಸುಗೆ ಸೀಸ ಮೆತ್ತಿ ದಪ್ಪ ಮಾಡಿ, ಅಂಥ ಸ್ಯಾಂಡ್ ವೆಜ್ ಹಿಡಿದೇ 1932ರ ಬ್ರಿಟಿಷ್ ಓಪನ್ ಗೆದ್ದರು. ಸಡಿಲ ಮರಳಿನ ಬಂಕರ್‌ನಲ್ಲಿ (ಮರಳು ಗುಂಡಿಯಲ್ಲಿ) ಈ ತಳದ ಬೆಲೆ ಗೊತ್ತಾಗುತ್ತದೆ. ಫೇಸ್ (ಕ್ಲಬ್‌ನ ಮುಖ) ಸ್ವಲ್ಪ ಆಕಾಶದ ಕಡೆ ತೆರೆದು, ಚೆಂಡಿನ ಹಿಂದಿನ ಮರಳಿಗೆ ಧೈರ್ಯವಾಗಿ ಹೊಡೆಯಿರಿ. ಅರ್ಧಕ್ಕೆ ಕೈ ನಿಲ್ಲಿಸದಿದ್ದರೆ ಚೆಂಡು ಹೊರಗೆ ಬರುತ್ತದೆ.

ಇದೇ ತಳ ಏಪ್ರಿಲ್‌ನಲ್ಲಿ ತಿರುಗಿಬೀಳುತ್ತದೆ. ಬಿಸಿಲಿಗೆ ಹುಲ್ಲು ತೆಳುವಾಗಿ ನೆಲ ಕಲ್ಲಾದಾಗ ಸೋಲ್ ಪುಟಿಯುತ್ತದೆ, ಅಂಚು ಚೆಂಡಿನ ಹೊಟ್ಟೆಗೆ ಬಡಿಯುತ್ತದೆ, ಚೆಂಡು ಗ್ರೀನ್ ದಾಟಿ ಆಚೆ ಬದಿಗೆ. ಮಳೆಗೆ ಗಟ್ಟಿಯಾದ ಮರಳಿನಲ್ಲೂ ಇದೇ ಕಥೆ. ಆಗ ನಮ್ಮ ಕ್ಯಾಡಿ (ಬ್ಯಾಗ್ ಹೊರುವವನು) ಈ ವೆಜ್ಜನ್ನು ಬ್ಯಾಗಿನಿಂದ ತೆಗೆಯುವುದೇ ಇಲ್ಲ. "ಸಾರ್, ನೆಲ ಗಟ್ಟಿ ಐತೆ, ಎಂಟು ತಗೊಳ್ಳಿ" ಅನ್ನುತ್ತಾನೆ. ಸರಿಯಾದ ಮಾತು. 8 ಐರನ್‌ನಲ್ಲಿ ಚಿಪ್ (ತಗ್ಗಿನಲ್ಲಿ ಹೋಗುವ ಸಣ್ಣ ಹೊಡೆತ) ಮಾಡಿದರೆ ಗಾಳಿಯಲ್ಲಿ ಒಂದು ಪಾಲು, ಉರುಳುವುದು ಹೆಚ್ಚುಕಡಿಮೆ ಮೂರು ಪಾಲು. ಪಿನ್ (ಗುಳಿಯ ಬಾವುಟ) ದೂರವಿದ್ದು ಮಧ್ಯೆ ಅಡ್ಡಿ ಏನೂ ಇಲ್ಲದಿದ್ದರೆ ಚೆಂಡನ್ನು ಮೇಲೆ ಎತ್ತುವುದು ಬರೀ ಶೋಕಿ. ಎತ್ತರಕ್ಕೆ ಹಾರಿಸುವ ಫ್ಲಾಪ್ ಶಾಟ್ ಪ್ರಿಯರಿಗೂ ಇಷ್ಟು ಅಗಲದ ಸೋಲ್ ಹಿಡಿಸುವುದಿಲ್ಲ.

ಬೆಂಗಳೂರಿನ ಅಂಗಡಿಯೊಂದರಲ್ಲಿ ಹುಡುಗ "ಜೊತೆಗೆ 60 ಡಿಗ್ರಿಯೂ ಇರಲಿ ಸಾರ್, ಪ್ರೊಗಳೆಲ್ಲ ಇಟ್ಕೊಳ್ತಾರೆ" ಅಂದ. ಪ್ರೊಗಳು ಬೆಳಗ್ಗೆಯಿಂದ ಸಂಜೆವರೆಗೆ ಅದನ್ನೇ ಹೊಡೆಯುತ್ತಾರೆ ಮಾರಾಯ! ನನ್ನ ಪಿಚಿಂಗ್ ವೆಜ್ (ಕಡಿಮೆ ಓರೆಯ ವೆಜ್) 45 ಡಿಗ್ರಿ. ಅದಕ್ಕೂ 56ಕ್ಕೂ ನಡುವೆ 11 ಡಿಗ್ರಿ ಖಾಲಿ. ಆ ಜಾಗ ತುಂಬಲು 50 ಬೇಕು, 60 ಅಲ್ಲ. ಬ್ಯಾಗಿನಲ್ಲಿ ಇಡಬಹುದಾದದ್ದೇ 14 ಕ್ಲಬ್.

ದುಡ್ಡೆಲ್ಲ ಡ್ರೈವರ್‌ಗೆ (ತುಂಬಾ ದೂರ ಹೊಡೆಯುವ ಕ್ಲಬ್‌ಗೆ) ಸುರಿಯುವ ಗೆಳೆಯರಿಗೆ ಇನ್ನೊಂದು ಮಾತು. ಅಮೆರಿಕದ ಪ್ರೊಗಳ ಪಿಜಿಎ ಟೂರ್‌ನವರೇ 18ರಲ್ಲಿ ಸರಾಸರಿ 12ರಷ್ಟು ಗ್ರೀನ್‌ಗಳನ್ನು ಮಾತ್ರ ಲೆಕ್ಕದ ಹೊಡೆತಗಳಲ್ಲಿ (ಎರಡು ಪಟ್‌ಗೆ ಅವಕಾಶ ಉಳಿಯುವಂತೆ) ತಲುಪುವುದು. ಉಳಿದ ಕಡೆ ಅವರಿಗೂ ಗ್ರೀನ್ ಪಕ್ಕದ ಆಟವೇ ಗತಿ. ನಮ್ಮ ಗತಿ ಕೇಳಲೇಬೇಡಿ. ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯವರಾದಾಗ ಟೀಯಿಂದ (ಮೊದಲ ಹೊಡೆತದಲ್ಲಿ) ಚಿನ್ನ ಗೆದ್ದ ನೆಲ್ಲಿ ಕೊರ್ಡಾಗಿಂತ ಎಷ್ಟೋ ಹಿಂದೆ ಇರುತ್ತಿದ್ದರು. ಪದಕದ ಹತ್ತಿರ ತಂದದ್ದು ಗ್ರೀನ್ ಸುತ್ತಮುತ್ತಲಿನ ಆಟ ಮತ್ತು ಪಟರ್.

ಇದೇ ಮಾಡೆಲ್‌ನ 50 ಡಿಗ್ರಿ, ಬಲಗೈಯದು, ಸ್ಟೀಲ್ ಶಾಫ್ಟ್, ಯಾರಾದರೂ ಮಾರುವುದಿದ್ದರೆ ಹೇಳಿ. ಗ್ರಿಪ್ ಹಾಳಾಗಿದ್ದರೂ ಪರವಾಗಿಲ್ಲ, ಬದಲಾಯಿಸಿಕೊಳ್ಳುತ್ತೇನೆ.